ಅಮೃತಶಿಲೆಯ ಮೇಲೆ ಅರ್ಧ ಹೋಳು ನಿಂಬೆ

ತೀರ್ಥಹಳ್ಳಿ ಕಡೆಯವರಿಗೆ ನೀರಿನ ವಿಷಯದಲ್ಲಿ ಇರುವ ಸೊಕ್ಕು ಸಣ್ಣದಲ್ಲ. ಬಾವಿಯಿಂದ ಸೇದಿ ಕುಡಿದು ಬೆಳೆದ ನನಗೆ ನೀರಿನಲ್ಲೂ ಜಾತಿಗಳಿವೆ ಎಂಬುದು ನಲವತ್ತು ದಾಟುವವರೆಗೂ ತಿಳಿದಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ಕಾವೇರಿ ನೀರಿನ ಬಡಾವಣೆಯಲ್ಲೇ ಇದ್ದೆವು. ಹೋದ ವರ್ಷ, ಬಾಡಿಗೆ ಕಡಿಮೆಯೆಂದು ಊರಾಚೆಯ ಒಂದು ಮನೆಗೆ ಸಾಮಾನು ಸಾಗಿಸಿದೆವು. ಬಾಡಿಗೆ ಏಕೆ ಕಡಿಮೆ ಎಂಬುದು ಮೊದಲ ದಿನದ ಸ್ನಾನದಲ್ಲೇ ಗೊತ್ತಾಯಿತು.

ಸೋಪನ್ನು ಎಷ್ಟು ಉಜ್ಜಿದರೂ ನೊರೆಯಿಲ್ಲ. ಬದಲಿಗೆ ಬಕೆಟ್ಟಿನಲ್ಲಿ ಒಡೆದ ಹಾಲಿನಂತಹ ಬಿಳಿ ಚೂರುಗಳು ತೇಲತೊಡಗಿದವು. ಬೋರ್‌ವೆಲ್ ನೀರಿನಲ್ಲಿ ಕರಗಿ ಕುಳಿತ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಸೋಪನ್ನು ಕಂಡೊಡನೆ ಕೈಹಿಡಿದು, ಎಂದೂ ಕರಗದ ಸಂಸಾರ ಹೂಡುತ್ತವೆ. ಆ ಸಂಸಾರವೆಲ್ಲ ನನ್ನ ಕೂದಲಿಗೆ ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ತೊಗರಿಬೇಳೆ ಏಳು ಸೀಟಿ ಕೂಗಿಸಿದರೂ ಜಲ್ಲಿಕಲ್ಲಿನಂತೆ ಉಳಿಯಿತು. ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಅದೇ ಕ್ಯಾಲ್ಸಿಯಂ ಬಿಗಿದು ಕಟ್ಟುತ್ತದಂತೆ. ಪಕ್ಕದ ಮನೆಯ ಅಜ್ಜಿಗೆ ಪೆಕ್ಟಿನ್ ಗೊತ್ತಿಲ್ಲ. "ಒಂದು ಚಿಟಿಕೆ ಸೋಡಾ ಹಾಕಿ" ಎಂದರು, ಮೂರನೆಯ ಸೀಟಿಗೆ ಬೇಳೆ ಶರಣಾಯಿತು.

ಗಂಡಸರಿಗೆ ಕಷ್ಟ ಬಂದರೆ ಮೊದಲು ಅದನ್ನು ಅಳೆಯಬೇಕು ಎನಿಸುತ್ತದೆ. ನೀರಿನಲ್ಲಿ ಒಟ್ಟು ಎಷ್ಟು ಪದಾರ್ಥ ಕರಗಿದೆ ಎಂದು ತೋರಿಸುವ, ಪೆನ್ನಿನಾಕಾರದ ಟಿಡಿಎಸ್ ಮೀಟರ್ ತರಿಸಿದೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ನಲ್ಲಿ 1140 ತೋರಿಸಿತು. ಅಂದಿನಿಂದ ಕಂಡಕಂಡ ನೀರಿಗೆಲ್ಲ ಅದ್ದಿದೆ: ಮಳೆನೀರು, ಎಳನೀರು, ತೀರ್ಥ. ತಿಳಿಸಾರಿಗೂ ಅದ್ದಲು ಹೋದಾಗ ಹೆಂಡತಿ ಸೌಟು ಎತ್ತಿದಳು. ನಂತರ ಆಕೆಯೇ ಒಂದು ಲೋಟ ಫಿಲ್ಟರ್ ನೀರಿಗೆ ಎರಡು ಚಮಚ ಸಕ್ಕರೆ ಕದಡಿ, "ಈಗ ನೋಡಿ" ಎಂದಳು. ಮೀಟರ್ ಅಲುಗಲಿಲ್ಲ. ಚಿಟಿಕೆ ಉಪ್ಪು ಹಾಕಿದಳು, ಅಂಕಿ ಸಾವಿರ ದಾಟಿ ಹಾರಿತು. "ನಿಮ್ಮ ಯಂತ್ರಕ್ಕೆ ರುಚಿಯೇ ಗೊತ್ತಿಲ್ಲ." ನಿಜಕ್ಕೂ ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಉಪ್ಪು ಕರಗಿದರೆ ವಿದ್ಯುದಂಶವಿರುವ ಅಯಾನುಗಳಾಗಿ ಒಡೆಯುತ್ತದೆ, ಸಕ್ಕರೆ ಕರಗಿದರೂ ಇಡಿಯಾಗಿಯೇ ಇರುತ್ತದೆ. ಇದೇ ಮಾತನ್ನು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1884ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಬರೆದಾಗ ಉಪ್ಸಾಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಮುಖ ಸಿಂಡರಿಸಿ ಕೆಳದರ್ಜೆ ಕೊಟ್ಟು ಕಳುಹಿಸಿದ್ದರು. 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಪಿಯುಸಿಯ ರಸಾಯನಶಾಸ್ತ್ರದಲ್ಲಿ 38 ಅಂಕ ಗಳಿಸಿದ ನನಗೆ ಈ ಕಥೆ ಬಹಳ ಪ್ರಿಯ. ನನ್ನ ಉತ್ತರಪತ್ರಿಕೆಯನ್ನು ಮಾತ್ರ ಇನ್ನೂ ಯಾರೂ ಮರುಪರಿಶೀಲಿಸಿಲ್ಲ.

ಮುಂದಿನ ಪೆಟ್ಟು ಅಂಗಿಗೆ. ಭಾವಮೈದುನನ ಮದುವೆಯ ಊಟದಲ್ಲಿ ಹುಳಿ ಬಡಿಸುವವನು ಎಲೆಗೂ ನನಗೂ ಸಮಪಾಲು ಮಾಡಿದ. ಹೊಸ ಬಿಳಿ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಹಳದಿ ಕಲೆ. ರಾತ್ರಿ ಮನೆಗೆ ಬಂದು, ಯಾರಿಗೂ ಹೇಳದೆ, ಬಟ್ಟೆ ಸೋಪು ಹಚ್ಚಿ ಉಜ್ಜಿದೆ. ಕಲೆ ಕಣ್ಣೆದುರೇ ಕೆಂಪಾಯಿತು. ಇನ್ನಷ್ಟು ಉಜ್ಜಿದೆ, ಇನ್ನಷ್ಟು ಕೆಂಪಾಯಿತು. ನೀರು ಕುಡಿಯಲು ಎದ್ದುಬಂದ ಮಗಳು, ರಕ್ತಸಿಕ್ತ ಅಂಗಿಯನ್ನು ನಡುರಾತ್ರಿ ಗುಟ್ಟಾಗಿ ತೊಳೆಯುತ್ತಿದ್ದ ಅಪ್ಪನನ್ನು ಕಂಡು ಕಿರುಚಿದಳು. ಬೆಳಿಗ್ಗೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ ಆಕೆ ನಕ್ಕು ನಕ್ಕು ಕೆಮ್ಮಿದಳು. "ಆರತಿ ತಟ್ಟೆಯ ಓಕುಳಿಗೆ ಏನು ಹಾಕುತ್ತೇವೋ?" "ಅರಿಸಿನ, ಸುಣ್ಣ." "ಮತ್ತೆ? ಸುಣ್ಣ ಮಾಡುವ ಕೆಲಸವನ್ನೇ ನಿನ್ನ ಸೋಪು ಮಾಡಿದೆ. ನಿಂಬೆ ಹಿಂಡು, ಆಮೇಲೆ ಬಿಸಿಲಿಗೆ ಹಾಕು."

ಸೋಪು ಕ್ಷಾರ, ಸುಣ್ಣವೂ ಕ್ಷಾರ. ಅರಿಸಿನದ ಬಣ್ಣ ಕ್ಷಾರಕ್ಕೆ ಸಿಕ್ಕರೆ ಕೆಂಪು, ಹುಳಿಗೆ ಸಿಕ್ಕರೆ ಮತ್ತೆ ಹಳದಿ. ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಹಿಡಿದು ನಡುಗಿದ್ದ ನಾನು, ಮನೆಯ ಪ್ರತಿ ಶುಭಕಾರ್ಯದಲ್ಲೂ ಅದೇ ಪರೀಕ್ಷೆ ನಡೆಯುವುದನ್ನು ಕೈಮುಗಿದು ನೋಡುತ್ತಿದ್ದೆ. ನಿಂಬೆ ಹಿಂಡಿದೆ, ಹಳದಿ ಮರಳಿತು, ನಾಲ್ಕು ದಿನದ ಬಿಸಿಲಿಗೆ ಅದೂ ಮಾಸಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅರ್ಧ ಗೆಲುವು ಸೋಲಿಗಿಂತ ಅಪಾಯ. ನೀರು ಕಾಯಿಸುವ ಕೆಟಲ್ಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಯಾವುದೋ ವಿಡಿಯೊ ನೋಡಿ ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಸುರಿದೆ. ಅದು ಬುಸುಗುಟ್ಟಿ ಉಕ್ಕಿ ಕಟ್ಟೆಯಿಂದ ಇಳಿದು ಅಕ್ಕಿಡಬ್ಬಿಯವರೆಗೆ ಹರಿಯಿತು. ಹಕ್ಕಳೆ ಮಾತ್ರ ಹಾಗೆಯೇ ಇತ್ತು. ಹುಳಿಯೂ ಕ್ಷಾರವೂ ತಮ್ಮತಮ್ಮಲ್ಲೇ ಹೊಡೆದಾಡಿ ಸುಸ್ತಾದರೆ ಹಕ್ಕಳೆಗೇನು ಚಿಂತೆ? ಬರೀ ವಿನೆಗರ್ ಹಾಕಿಟ್ಟಾಗ ಅರ್ಧ ಗಂಟೆಯಲ್ಲಿ ಹೋಯಿತು. (ಇಷ್ಟಾದ ಮೇಲೆ ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಹೆಂಡತಿ ನನಗೆ ಸಿಗದಂತೆ ಬೇರೆಬೇರೆ ಕಡೆ ಎತ್ತಿಟ್ಟಳು. ಅವೆರಡೂ ಸೇರಿದರೆ ಬರುವುದು ನೊರೆಯಲ್ಲ, ಕ್ಲೋರಿನ್ ವಿಷಾನಿಲ. ಆ ವಿಷಯದಲ್ಲಿ ನಾನು ತಕರಾರು ಮಾಡಲಿಲ್ಲ.)

ಹುಳಿಗೆ ಹಕ್ಕಳೆ ಹೋಗುತ್ತದೆ ಎಂಬ ಜ್ಞಾನ ಹೊತ್ತು ನಾನು ಹಜಾರಕ್ಕೆ ಬಂದೆ. ಅಲ್ಲಿ ಮನೆ ಮಾಲೀಕರು ರಾಜಸ್ಥಾನದ ಮಕ್ರಾನಾದಿಂದ ಲಾರಿಯಲ್ಲಿ ತರಿಸಿದ ಬಿಳಿ ಅಮೃತಶಿಲೆಯ ನೆಲ. ಹೂಕುಂಡದ ಕೆಳಗೆ ನೀರು ಒಣಗಿ ಮೂಡಿದ್ದ ಮಬ್ಬು ವೃತ್ತದ ಮೇಲೆ ಅರ್ಧ ಹೋಳು ನಿಂಬೆ ಉಜ್ಜಿ, ಕಾಫಿ ಕುಡಿಯಲು ಹೋದೆ. ಹುಳಿ ಹೆಚ್ಚಿದಷ್ಟೂ ಕೆಳಗಿಳಿಯುವ ಅಳತೆ ಪಿಎಚ್. ನಿಂಬೆರಸದ್ದು ಸುಮಾರು 2, ಶುದ್ಧ ನೀರಿನದು 7. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು, ಐದು ಮೆಟ್ಟಿಲಿಗೆ ಒಂದು ಲಕ್ಷ ಪಟ್ಟು ಹುಳಿ. ಈ ಅಳತೆಯನ್ನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ 1909ರಲ್ಲಿ ಕೊಟ್ಟದ್ದು ಬಿಯರ್ ತಯಾರಕರ ಪ್ರಯೋಗಾಲಯದಲ್ಲಿ. ನಾನು ಈ ಕೆಲಸ ಮಾಡಿದ್ದು ಬರೀ ಕಾಫಿಯ ಮೇಲೆ. ಹಕ್ಕಳೆಯೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟ್. ಯಾವುದು ಕೊಳೆ, ಯಾವುದು ಮಾಲೀಕರ ಆಸ್ತಿ ಎಂದು ನಿಂಬೆಗೆ ಹೇಗೆ ತಿಳಿಯಬೇಕು? ಒರೆಸಿ ನೋಡಿದರೆ ವೃತ್ತ ಹೋಗಿತ್ತು, ನೆಲದ ಹೊಳಪೂ ಹೋಗಿತ್ತು.

ಈಗ ಅಲ್ಲಿ ಸದಾ ಒಂದು ಚಾಪೆ ಇರುತ್ತದೆ. ಕಳೆದ ಭಾನುವಾರ ಮಾಲೀಕರು ಬಾಡಿಗೆ ಒಪ್ಪಂದ ನವೀಕರಿಸಲು ಬಂದರು. ಚಾಪೆಯತ್ತ ಹೋಗದಂತೆ ಅವರನ್ನು ಸೋಫಾದಲ್ಲಿ ಕುಳ್ಳಿರಿಸಿದೆ. ಹೆಂಡತಿ ನಿಂಬೆ ಶರಬತ್ತು ತಂದುಕೊಟ್ಟಳು. ಅವರು ನೆಲದ ಗುಣಗಾನ ಮಾಡುತ್ತ ಕೈ ಬೀಸಿದ ರಭಸಕ್ಕೆ ಲೋಟ ಉರುಳಿ, ಶರಬತ್ತು ಅಮೃತಶಿಲೆಯ ಮೇಲೆ ಹರಡಿತು. "ಅಯ್ಯೋ, ಬಟ್ಟೆ ತನ್ನಿ" ಎಂದರು.

"ಪರವಾಗಿಲ್ಲ ಸಾರ್, ಮೊದಲು ಸಹಿ ಮುಗಿಸೋಣ" ಎಂದೆ.