ಕಪ್ಪು-ಬಿಳುಪು ಅಜ್ಜಿಗೆ ಹಳದಿ ಶಾಯಿ

ಹಳದಿ ಶಾಯಿ ಮುಗಿದಿದೆ, ಇನ್ನು ಮುದ್ರಿಸಲಾಗದು ಎಂದು ನಮ್ಮ ಪ್ರಿಂಟರ್ ಇಂದು ಬೆಳಿಗ್ಗೆ ಮುಷ್ಕರ ಹೂಡಿತು. ಮುದ್ರಿಸಬೇಕಿದ್ದುದು ಅಜ್ಜಿಯ ಕಪ್ಪು-ಬಿಳುಪು ಫೋಟೊ. ಅದರಲ್ಲಿ ಹಣೆಯ ಕುಂಕುಮವೇ ಕಪ್ಪು, ಮುಡಿದ ಕನಕಾಂಬರವೇ ಬೂದು. ಹಳದಿಗೆ ಅಲ್ಲೇನು ಕೆಲಸ?

ಕೆಲಸ ಇದೆಯಂತೆ. ಹೊಳಪಿನ ಫೋಟೊ ಕಾಗದ ಎಂದು ಆಯ್ಕೆ ಮಾಡಿದೊಡನೆ ನಮ್ಮ ನಾಲ್ಕು ಬಣ್ಣದ ಯಂತ್ರ ಕಪ್ಪು ಶಾಯಿಯನ್ನು ಬದಿಗಿಟ್ಟು ಸಯಾನ್, ಮಜೆಂಟಾ, ಹಳದಿಗಳನ್ನು ಬೆರೆಸಿ ಬೂದು ತಯಾರಿಸುತ್ತದೆ. ಬೆರಕೆ ತುಸು ಹೆಚ್ಚುಕಡಿಮೆಯಾದರೂ ಅಜ್ಜಿಯ ಮುಖಕ್ಕೆ ಪಾಚಿ ಹಿಡಿಯುತ್ತದೆ. ಹೋಗಲಿ, ಬರೀ ಕಪ್ಪಿನಲ್ಲೇ ಮುದ್ರಿಸು ಎಂದರೆ, ತಿಳಿ ಬೂದು ತೋರಿಸಲು ಅದಕ್ಕಿರುವ ಉಪಾಯ ಒಂದೇ: ಕಪ್ಪು ಚುಕ್ಕೆಗಳನ್ನು ದೂರ ದೂರ ಚೆಲ್ಲುವುದು. ಅವೆಲ್ಲ ಬಂದು ಕೂರುವುದು ಸರಿಯಾಗಿ ಕೆನ್ನೆಯ ಮೇಲೆ. ಅತ್ತೆ ನೋಡಿ, "ಅಮ್ಮನಿಗೆ ಸಿಡುಬು ಆಗಿರಲೇ ಇಲ್ಲವಲ್ಲ!" ಎಂದರು.

ಇದನ್ನೆಲ್ಲ ಸಹಿಸಬಹುದು, ಭಾವನ ತಪಾಸಣೆಯನ್ನು ಸಹಿಸುವುದು ಕಷ್ಟ. ಕಾಗದ ಯಂತ್ರದ ಬಾಯಿಂದ ಪೂರ್ತಿ ಹೊರಬರುವ ಮುನ್ನವೇ ತುದಿ ಹಿಡಿದು ನಿಂತಿರುತ್ತಾರೆ. ಮೊದಲು ಟ್ಯೂಬ್‌ಲೈಟಿನ ಕೆಳಗೆ ಹಿಡಿದು "ಪರವಾಗಿಲ್ಲ" ಎನ್ನುತ್ತಾರೆ. ಅಲ್ಲಿಗೇ ಬಿಡಬಾರದೇ? ಕನ್ನಡಕವನ್ನು ಹಣೆಗೇರಿಸಿ ದೇವರ ಕೋಣೆಯ ಬಲ್ಬಿನಡಿಗೆ ನಡೆಯುತ್ತಾರೆ: "ಮುಖ ಕೆಂಪಾಯಿತು." ಚಪ್ಪಲಿ ಹುಡುಕಿಕೊಂಡು ಅಂಗಳಕ್ಕೆ ಇಳಿಯುತ್ತಾರೆ: "ಅಯ್ಯೋ, ಹಸಿರಾಯಿತಲ್ಲ!" ಬಣ್ಣಗಳ ಬೆರಕೆಯಿಂದ ಹುಟ್ಟಿದ ಬೂದಿನ ಜಾಯಮಾನವೇ ಹಾಗೆ, ಬೆಳಕು ಬದಲಾದಂತೆ ಛಾಯೆಯೂ ಬದಲಾಗುತ್ತದೆ ಎಂದು ವಿವರಿಸಿದೆ. "ಹಾಗಾದರೆ ಅಜ್ಜಿಯನ್ನು ಯಾವ ಬಲ್ಬಿನ ಕೆಳಗೆ ನೇತುಹಾಕುವುದು ಎಂದು ಮೊದಲು ತೀರ್ಮಾನವಾಗಲಿ" ಎಂದರು, ಗಂಭೀರವಾಗಿ. ಆಮೇಲೆ ಬೆರಳನ್ನು ನಾಲಿಗೆಗೆ ತಾಗಿಸಿ ಫೋಟೊದ ಅಂಚು ಉಜ್ಜಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡು ವರದಿ ಒಪ್ಪಿಸಿದರು: "ಬಣ್ಣ ಬಿಡುತ್ತಿದೆ."

ನಯ ಬರಲೆಂದು ಮಾಡದ ಸೇವೆಯಿಲ್ಲ. ಯಂತ್ರದ ಮುದ್ರಣ ತಲೆ ಅತ್ತ ಹೋಗುವಾಗಲೂ ಇತ್ತ ಬರುವಾಗಲೂ ಶಾಯಿ ಚಿಮ್ಮಿಸುವ ವೇಗದ ಆಯ್ಕೆಯನ್ನು ತೆಗೆದೆ, ಅಡ್ಡಗೆರೆಗಳು ಕಡಿಮೆಯಾದವು. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳುಪಿಗೆ ಬರೀ 256 ಮೆಟ್ಟಿಲು, ತುಸು ತಿದ್ದಿದರೂ ಹಿನ್ನೆಲೆಯ ಪರದೆ ಪಟ್ಟೆಪಟ್ಟೆಯಾಗುತ್ತದೆಂದು ಸಾವಿರಾರು ಮೆಟ್ಟಿಲುಗಳಿರುವ 16 ಬಿಟ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ಶಾಯಿ ಚಿಮ್ಮುವ ಸಣ್ಣ ತೂತುಗಳನ್ನು, ಅಂದರೆ ನಾಜಲ್‌ಗಳನ್ನು, ಶುಚಿಗೊಳಿಸಿದೆ. ಆ ನೆಪದಲ್ಲಿ ಯಂತ್ರ ಗಟಗಟನೆ ಶಾಯಿ ಕುಡಿಯುತ್ತದೆ. ಹಳದಿ ಖಾಲಿಯಾಗಿದ್ದೂ ಹಾಗೆಯೇ. ಬೂದು ಶಾಯಿಗಳನ್ನೇ ಬೇರೆಯಾಗಿ ಇಟ್ಟುಕೊಂಡ ಪ್ರಿಂಟರ್‌ಗಳಿವೆ, ಅವುಗಳಲ್ಲಿ ಕೆನ್ನೆ ಬೆಣ್ಣೆಯಂತೆ ಬರುತ್ತದೆ. ಬೆಲೆ ಕೇಳಿದ ಮೇಲೆ ಆ ಮಾತು ಮನೆಯಲ್ಲಿ ಎತ್ತಿಲ್ಲ.

ಮೂಲ ಫೋಟೊ ತೆಗೆದ ಸ್ಟುಡಿಯೊದವರಿಗೆ ಈ ರಗಳೆ ಇರಲಿಲ್ಲ. ಬೆಳ್ಳಿಯ ಲವಣ ಲೇಪಿಸಿದ ಕಾಗದ, ಕೆಂಪು ದೀಪ, ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ಹೈಪೊ ದ್ರಾವಣದ ವಾಸನೆ. ಕಣಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪವೇ ಅಲ್ಲ. ಸಾಲದ್ದಕ್ಕೆ ಆಗಿನವರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೆಯೇ ಮುಖ ತಿದ್ದುತ್ತಿದ್ದರು. ನಮಗೆಲ್ಲ ಗೊತ್ತಿರುವುದು ಸುಕ್ಕುಗಟ್ಟಿದ ಅಜ್ಜಿ. ಈ ಕೆನ್ನೆ ಎಷ್ಟು ಅವಳದು, ಎಷ್ಟು ಪೆನ್ಸಿಲಿನದು ಎಂದು ಕೇಳೋಣವೆಂದರೆ ಅವಳೇ ಇಲ್ಲ.

ಮಧ್ಯಾಹ್ನ ಹಳದಿ ತಂದು ತುಂಬಿದೆ, ಮುಷ್ಕರ ಮುಗಿಯಿತು. ಹೊಸ ಪ್ರತಿ ಟ್ಯೂಬ್‌ಲೈಟ್, ಬಲ್ಬು, ಬಿಸಿಲು ಮೂರನ್ನೂ ಹೇಗೋ ದಾಟಿದೆ. ತಿಥಿಯ ದಿನ ಕರೆಂಟು ಹೋಗಿ ದೀಪ ಹಚ್ಚಬೇಕಾಗಿ ಬಂದರೆ ಅಜ್ಜಿ ಯಾವ ಬಣ್ಣಕ್ಕೆ ತಿರುಗಬಹುದು ಎನ್ನುತ್ತ ಭಾವ ಈಗ ಬೆಂಕಿಪೊಟ್ಟಣ ಹುಡುಕುತ್ತಿದ್ದಾರೆ.