ಇಂಗ್ಲೆಂಡಿನ ಕಾಲುದಾರಿ, ನಮ್ಮೂರಿನ ಬಂಡಿದಾರಿ

ಶೆಫೀಲ್ಡಿಗೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿದ ಒಳ್ಳೆಯ ಚಟ ಅಂದರೆ ರಜೆಯ ದಿನ ಹೊಲಗಳ ನಡುವೆ ನಡೆಯುವುದು. ಊರು ದಾಟಿದರೆ ಸಾಕು, ಬೇಲಿ ಪಕ್ಕ ಒಂದು ಮರದ ಕಂಬ, ಅದರ ಮೇಲೆ ಹಳದಿ ಬಾಣ. ಆ ಬಾಣ ಕಂಡರೆ ಯಾರ ಅಪ್ಪಣೆಯೂ ಬೇಡ. ಹೊಲ ಯಾರದ್ದೇ ಇರಲಿ, ಅದರೊಳಗಿನ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್.

ಜೂನ್ ತಿಂಗಳಲ್ಲಿ ಗೋಧಿ ಎತ್ತರಕ್ಕೆ ಬೆಳೆದಿರುತ್ತದೆ. ಅದರ ನಟ್ಟನಡುವೆ ಒಂದು ಮೀಟರ್ ಅಗಲದ ಬರಿ ನೆಲ, ಈ ಬೇಲಿಯಿಂದ ಆ ಬೇಲಿಯವರೆಗೆ. ರೈತ ಉಳುವಾಗ ಆ ಪಟ್ಟಿಯನ್ನೂ ಸೇರಿಸಿ ಉಳಬಹುದು. ಆದರೆ 14 ದಿನದೊಳಗೆ ಅದನ್ನು ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು, ಪೈರು ಬಂದ ಮೇಲೂ ಬಿಡಿಸಿಯೇ ಇಡಬೇಕು. ಬೇಲಿ ಅಡ್ಡ ಬಂದ ಕಡೆ ತಡಬೆ ಇರುತ್ತದೆ, ನಮ್ಮ ಮಲೆನಾಡಿನ ಗದ್ದೆ ಬದಿಯಲ್ಲಿ ಇರುತ್ತದಲ್ಲ, ಹಾಗೆ. ಮನುಷ್ಯರು ಹತ್ತಿ ಇಳಿಯಬಹುದು, ದನ ದಾಟುವುದಿಲ್ಲ.

ಇದೆಲ್ಲ ಇಲ್ಲಿನ ಜನಕ್ಕೆ ಸುಮ್ನೆ ಸಿಕ್ಕಿದ್ದಲ್ಲ. ಇಲ್ಲಿ ಒಂದು ಕಾಲಕ್ಕೆ ಊರೊಟ್ಟಿನ ಹುಲ್ಲುಗಾವಲು, ಕಟ್ಟಿಗೆ ತರುವ ಕಾಡು ಎಲ್ಲ ಇತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯ್ದೆ ಮಾಡಿ ಆ ನೆಲಕ್ಕೆ ಬೇಲಿ ಹಾಕಿಸಿತು. ಬಡವರು ಮೇವಿನ ಜಾಗ ಕಳೆದುಕೊಂಡರು. ನಮ್ಮ ಗೋಮಾಳಗಳ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಕಿಂಡರ್ ಸ್ಕೌಟ್ ಬೆಟ್ಟವೂ ಹಾಗೆ ಮುಚ್ಚಿಹೋಗಿತ್ತು. ಗ್ರೌಸ್ ಅನ್ನುವ ಹಕ್ಕಿಯ ಬೇಟೆಗೆಂದು ಸಾಹುಕಾರರು ಅದನ್ನು ಕಾದಿಟ್ಟುಕೊಂಡಿದ್ದರು. ಆಚೆ ಮ್ಯಾಂಚೆಸ್ಟರ್, ಈಚೆ ಶೆಫೀಲ್ಡ್. ವಾರವಿಡೀ ಹೊಗೆಯಲ್ಲಿ ದುಡಿಯುವವರಿಗೆ ಕಣ್ಣೆದುರಿನ ಬೆಟ್ಟಕ್ಕೆ ಕಾಲಿಡುವ ಹಾಗಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ ಹೇಫೀಲ್ಡ್ ಎಂಬ ಹಳ್ಳಿಯಿಂದ ಹೊರಟು ಬೆಟ್ಟ ಹತ್ತಿಯೇ ಬಿಟ್ಟರು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐದು ಹುಡುಗರಿಗೆ ಜೈಲಾಯಿತು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇನ್ನೂ 20 ವರ್ಷ, ಅವನು ನಾಲ್ಕು ತಿಂಗಳ ಶಿಕ್ಷೆ ಅನುಭವಿಸಿದ. ಶಿಕ್ಷೆಯಾದದ್ದು ಗಲಭೆ, ಹಲ್ಲೆಯ ಆರೋಪಗಳ ಮೇಲೆ, ಆದರೆ ಅವರು ಹೊರಟಿದ್ದು ಬೆಟ್ಟದ ಮೇಲೆ ನಡೆಯಲಿಕ್ಕೆ, ನೋಡಿ.

ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. 1949ರ ಕಾಯ್ದೆ ಬಂದು, ಪ್ರತಿ ಕೌಂಟಿಯೂ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶವೂ, ತನ್ನ ಕಾಲುದಾರಿಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಬೇಕು ಅಂತ ಆಯಿತು. ಒಮ್ಮೆ ಆ ನಕ್ಷೆಗೆ ಸೇರಿದರೆ ಕಾನೂನು ಪ್ರಕಾರ ಆದೇಶವಿಲ್ಲದೆ ದಾರಿಯನ್ನು ಮುಚ್ಚುವಂತಿಲ್ಲ. ಕಿಂಡರ್ ಸ್ಕೌಟ್ ಇರುವ ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಆ ಬೆಟ್ಟದ ಹಳೇ ಒಡೆಯರ ಮನೆತನದ ಡ್ಯೂಕ್ ಆಫ್ ಡೆವನ್‌ಶೈರ್, ತಮ್ಮ ಅಜ್ಜ ಮಾಡಿದ್ದು ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡರು.

ಇನ್ನೂ ಒಂದು ನಿಯಮವಿದೆ, ನನಗೆ ಅದರ ಮೇಲೆ ಬಹಳ ಗೌರವ. 20 ವರ್ಷ ಜನ ಒಂದು ಜಾಗದಲ್ಲಿ ಕದ್ದುಮುಚ್ಚಿ ಅಲ್ಲದೆ, ಬಲವಂತದಿಂದ ಅಲ್ಲದೆ, ಯಾರ ಅನುಮತಿಯೂ ಕೇಳದೆ ನಡೆದಿದ್ದರೆ ಅದು ಸಾರ್ವಜನಿಕ ದಾರಿ ಎಂದೇ ಲೆಕ್ಕ. ಇಲ್ಲ ಎನ್ನುವ ಮಾಲೀಕ ತಾನು ಮೊದಲೇ ತಡೆದಿದ್ದೆ ಎಂದು ತೋರಿಸಬೇಕು. ಹಕ್ಕನ್ನು ಕಾಗದಕ್ಕಿಂತ ಮೊದಲು ಕಾಲು ಹುಟ್ಟಿಸುತ್ತದೆ ಅಂತಾಯಿತಲ್ವಾ?

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ನಕ್ಷೆ ಇಲ್ಲವೇ? ಇದೆ! ಬ್ರಿಟಿಷರ ಕಾಲದ ಸರ್ವೆಯಿಂದಲೇ ಹಳ್ಳಿ ಹಳ್ಳಿಗೂ ನಕಾಶೆ ಇದೆ. ಕೆರೆ, ಹಳ್ಳ, ಸ್ಮಶಾನ, ಕಾಲುದಾರಿ, ಬಂಡಿದಾರಿ ಎಲ್ಲ ಅದರಲ್ಲಿವೆ. ದಾರಿಗೆ ಬಿಟ್ಟ ನೆಲ ಪಹಣಿಯಲ್ಲಿ ಬಿ ಖರಾಬು ಎಂದು ನಮೂದಾಗುತ್ತದೆ, ಅಂದರೆ ಅದು ಊರಿನದು. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಹಾಗಿದ್ದರೂ ತುಮಕೂರು ಕಡೆಯ ನಮ್ಮೂರಿನಲ್ಲಿ ಕೆರೆಗೆ ಹೋಗುತ್ತಿದ್ದ ಬಂಡಿದಾರಿ ಈಗ ಇಲ್ಲ. ಎತ್ತಿನ ಗಾಡಿ ಹೋದವು, ದಾರಿಯಲ್ಲಿ ಹುಲ್ಲು ಬೆಳೆಯಿತು. ಒಂದು ವರ್ಷ ಬದು ಎರಡಡಿ ಮುಂದೆ ಬಂತು. ಆಮೇಲೆ ಅಡಿಕೆ ಸಸಿ, ಆಮೇಲೆ ಮುಳ್ಳುತಂತಿ. ಹಿಂದಿನ ಹೊಲದವರು ಕೇಳಿದಾಗ ಅದು ಇಬ್ಬರ ಜಗಳವಾಯಿತು. ಕೋರ್ಟಿಗೂ ಹೋಯಿತು. ಊರಿನವರು ನಮಗ್ಯಾಕೆ ಬೇಕು ಅಂತ ದೂರ ನಿಂತರು. ನನಗೆ ನೋವಾಗುವುದು ಇಲ್ಲಿ. ಇಡೀ ಊರಿನ ದಾರಿಯನ್ನು ಪಕ್ಕಪಕ್ಕದ ಹೊಲದವರ ವ್ಯಾಜ್ಯ ಮಾಡಿ ಕೈತೊಳೆದುಕೊಂಡುಬಿಡುತ್ತೇವೆ. ಇಂಗ್ಲೆಂಡಿನಲ್ಲಾದರೆ ದಾರಿಯಲ್ಲಿ ಪೈರು ಬೆಳೆದಿದ್ದರೆ ಆ ಊರಿಗೆ ಸಂಬಂಧವೇ ಇಲ್ಲದ ನಾನೂ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಅಂದರೆ ಕೌನ್ಸಿಲ್ಲಿಗೆ, ದೂರು ಕೊಡಬಹುದು. ಅದನ್ನು ಬಿಡಿಸುವುದು ಕೌನ್ಸಿಲ್ಲಿನ ಕರ್ತವ್ಯ.

ನಮ್ಮ ಹಳೇ ದಾರಿಗಳೆಲ್ಲ ಎಲ್ಲರಿಗೂ ತೆರೆದಿದ್ದವು ಎಂದು ನಾನು ಹೇಳುತ್ತಿಲ್ಲ. ಹೆಣ ಹೊತ್ತು ಸ್ಮಶಾನಕ್ಕೆ ಹೋಗಲು ದಾರಿಯಿಲ್ಲದೆ ಪರದಾಡುವ ದಲಿತ ಕೇರಿಗಳು ಇವತ್ತಿಗೂ ಇವೆ. ಅದಕ್ಕೇ ನಕಾಶೆಯ ದಾರಿ ಅಷ್ಟು ಮುಖ್ಯ. ಸ್ವಂತ ಜಮೀನಿಲ್ಲದವರಿಗೆ ಹೊಲಗಳ ನಡುವೆ ಇರುವ ಹಕ್ಕಿನ ನೆಲ ಅದೊಂದೇ.

ಇಲ್ಲಿನ ಒಂದು ಹಳೇ ಪದ್ಧತಿ ನಮಗೂ ಒಗ್ಗೀತು ಅನಿಸುತ್ತದೆ. ನಕ್ಷೆಗಳೇ ಅಪರೂಪವಾಗಿದ್ದ ಕಾಲದಲ್ಲಿ, ಈಸ್ಟರ್ ಆದ ಮೇಲಿನ ವಾರಗಳಲ್ಲಿ, ಪಾದ್ರಿಯ ಜೊತೆ ಊರವರೆಲ್ಲ ತಮ್ಮ ಎಲ್ಲೆಯನ್ನು ಸುತ್ತುತ್ತಿದ್ದರು. ಗಡಿಕಲ್ಲು ಸಿಕ್ಕ ಕಡೆ ಕೋಲಿನಿಂದ ಬಡಿಯುತ್ತಿದ್ದರು. ಚಿಕ್ಕ ಹುಡುಗರನ್ನು ಎತ್ತಿ ಕಲ್ಲಿಗೆ ತಾಗಿಸುತ್ತಿದ್ದರು, ಅವರು ಮುದುಕರಾದ ಮೇಲೂ ಜಾಗ ನೆನಪಿರಲಿ ಅಂತ. ಆಕ್ಸ್‌ಫರ್ಡಿನಲ್ಲಿ ಇದು ಈಗಲೂ ನಡೆಯುತ್ತದೆ. ಎಲ್ಲೆಯ ಮೇಲೆ ದೊಡ್ಡ ಅಂಗಡಿ ಎದ್ದಿದ್ದರೆ ಕೋಲು ಹಿಡಿದವರು ಅಂಗಡಿಯೊಳಗೇ ಹಾದು ಹೋಗುತ್ತಾರೆ.

ರಾಗಿ ಕೊಯ್ದು ಹೊಲ ಖಾಲಿಯಾದ ಮೇಲೆ ನಮ್ಮ ಪ್ರತಿ ಪಂಚಾಯಿತಿಯೂ ಒಂದು ದಿನ ಹೀಗೆ ಮಾಡಲಿ. ಕೈಯಲ್ಲಿ ಗ್ರಾಮ ನಕ್ಷೆ, ಮುಂದೆ ಹಳೇ ದಾರಿ ಬಲ್ಲ ಹಿರಿಯರು, ಹಿಂದೆ ಶಾಲೆಯ ಮಕ್ಕಳು. ಎಲ್ಲ ಕೇರಿಯವರೂ ಬರಲಿ. ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದ ಗ್ರಾಮ ಆಡಳಿತ ಅಧಿಕಾರಿಯನ್ನೂ ಕರೆಯಲಿ. ದಾರಿ ಮುಚ್ಚಿದ ಕಡೆ ಸರ್ವೆ ನಂಬರ್ ಬರೆದುಕೊಂಡು, ಗ್ರಾಮಸಭೆಯಲ್ಲಿ ಓದಿ, ಊರಿನ ಹೆಸರಿನಲ್ಲೇ ತಹಶೀಲ್ದಾರರಿಗೆ ಅರ್ಜಿ ಕೊಡಲಿ. ನಮ್ಮೂರಿನ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಳಿಸುವ ಖರ್ಚು ನನ್ನದು. ಕೆರೆಯ ಬಂಡಿದಾರಿಯಿಂದಲೇ ಶುರು ಮಾಡಿ ಎಂದು ಊರಿನ ಗೆಳೆಯರಿಗೆ ಈಗಾಗಲೇ ಹೇಳಿದ್ದೇನೆ.