ಪಿಜಿ ವೈದ್ಯರಿಗೆ ಸಂಶೋಧನೆಗೆ ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಡಿ

ಕಳೆದ ವಾರ ನಮ್ಮ ಡಿಪಾರ್ಟ್‌ಮೆಂಟಿನ ಹಳೇ ಕಪಾಟು ಖಾಲಿ ಮಾಡಿಸಿದೆವು. ಕಪ್ಪು ರಟ್ಟಿನ ಥೀಸಿಸ್‌ಗಳು, ಅಂದರೆ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳು, ಸಾಲು ಸಾಲು. ಒಂದನ್ನು ಬಿಡಿಸಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೈಂಡಿಂಗ್ ಆದ ಮೇಲೆ ಯಾರೂ ತೆರೆದೇ ಇಲ್ಲ. ಕೊನೆಯ ಪುಟಗಳ ಮಾಸ್ಟರ್ ಚಾರ್ಟಿನಲ್ಲಿ, ಅಂದರೆ ರೋಗಿಗಳ ವಿವರದ ಪಟ್ಟಿಯಲ್ಲಿ, ನೂರು ರೋಗಿಗಳಿದ್ದರು. ನೂರು ಜನ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಿದ್ದರು. ಅವತ್ತಿಡೀ ಮನಸ್ಸಿಗೆ ಬೇಜಾರು.

ಪಿಜಿಗಳು, ಅಂದರೆ ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಮಾಡುವ ವೈದ್ಯರು, ಎಲ್ಲರೂ ಥೀಸಿಸ್ ಬರೆಯಲೇಬೇಕು. ಆದರೂ 2005ರಿಂದ 2014ರವರೆಗಿನ ಲೆಕ್ಕ ಹಾಕಿದ ಅಧ್ಯಯನವೊಂದರಲ್ಲಿ, ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332ರಿಂದ ಒಂದೇ ಒಂದು ಸಂಶೋಧನಾ ಲೇಖನವೂ ಹೊರಬಂದಿರಲಿಲ್ಲ. ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೇರಿದ ಕೆಲವೇ ತಿಂಗಳಲ್ಲಿ ಥೀಸಿಸ್ಸಿನ ಯೋಜನೆ ವಿವರಿಸುವ ಸಿನಾಪ್ಸಿಸ್ ಕೊಡಿ ಅಂದರೆ, ವಾರ್ಡನ್ನೇ ಸರಿಯಾಗಿ ನೋಡದವರಿಗೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು? ಗೈಡ್ ವಿಷಯ ಕೊಡುತ್ತಾರೆ, ಇವರು ಬರೆಯುತ್ತಾರೆ. ನಾನೂ ಹಾಗೇ ಬರೆದವಳು.

ಎರಡು ವರ್ಷದ ಹಿಂದೆ ಒಬ್ಬಳು ಪಿಜಿ ರೌಂಡ್ಸ್ ಮುಗಿದ ಮೇಲೆ ಬಂದಳು. "ಮೇಡಂ, ಹಾವು ಕಚ್ಚಿದವರು ನಮ್ಮ ಹತ್ರ ಯಾಕೆ ಇಷ್ಟು ಲೇಟಾಗಿ ಬರ್ತಾರೆ?" ಏಪ್ರನ್ ಜೇಬಿನಿಂದ ಪುಟ್ಟ ಡೈರಿ ತೆಗೆದಳು. ರೋಗಿಯ ಹೆಸರಿಲ್ಲ. ಕಚ್ಚಿದ ಹೊತ್ತು, ಮೊದಲು ಹೋದ ಜಾಗ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಹಾಕಿದ ಹೊತ್ತು, ಅಷ್ಟೇ. ಹದಿನೇಳು ಸಾಲು. ಹೆಚ್ಚಿನವರು ಮೊದಲು ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿ ಎಎಸ್‌ವಿ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡಬೇಕು ಅಂತಾದದ್ದೇ 2024ರಲ್ಲಿ. ಇಂಥ ಪ್ರಶ್ನೆಗೆ ಉತ್ತರ ಎಷ್ಟು ಬೇಕಾಗಿದೆ ನೋಡಿ.

ಅವಳಿಗೆ ಇಲ್ಲದ್ದು ಒಂದೇ, ಸಮಯ. ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ಇಂಥ ರೆಸಿಡೆಂಟ್ ವೈದ್ಯರಿಗೆ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಿ ಡ್ಯೂಟಿ ಬೇಡ ಅಂತ ಕೇಂದ್ರ 1992ರಲ್ಲೇ ಹೇಳಿತ್ತು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ವಾಸ್ತವ ಗೊತ್ತು. ರಾತ್ರಿಯೆಲ್ಲ ಕ್ಯಾಶುಯಾಲ್ಟಿ, ಬೆಳಗ್ಗೆ ಮತ್ತೆ ಓಪಿಡಿ. ಆಮೇಲೆ ಎಕ್ಸೆಲ್ ತೆರೆದು ಕೂತರೆ ಕಣ್ಣೇ ಬಿಡಲಾಗುವುದಿಲ್ಲ.

ನಾವು ಮಾಡಿದ್ದು ಇಷ್ಟೇ. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಪ್ರತಿ ಬುಧವಾರ ಮಧ್ಯಾಹ್ನ ಅವಳನ್ನು ಬಿಟ್ಟುಕೊಟ್ಟೆವು. ವಾರ್ಡಿನ ಫೋನ್ ಬೇರೆಯವರ ಕೈಗೆ. ಸ್ಟಾಟಿಸ್ಟಿಷಿಯನ್ ಹತ್ತಿರ ಕೊನೆಗಲ್ಲ, ಮಾಹಿತಿ ತುಂಬುವ ಫಾರಂ, ಅಂದರೆ ಪ್ರೊಫಾರ್ಮಾ, ಮಾಡುವ ಮೊದಲೇ ಕಳಿಸಿದೆವು. ಇದರಿಂದ ಆದ ಲಾಭ ಸಣ್ಣದಲ್ಲ. ಎಲ್ಲಾ ಡೇಟಾ ಸೇರಿಸಿದ ಮೇಲೆ ಬೇಕಾದದ್ದೇ ಇಲ್ಲ ಅಂತ ಗೊತ್ತಾಗುವ ಸಂಕಟ ತಪ್ಪಿತು. ಜರ್ನಲ್‌ಗೆ ಕಳಿಸಿದ ಲೇಖನ ಎರಡು ಸಲ ವಾಪಸ್ ಬಂತು. ಮೊದಲ ಸಲ ಅತ್ತೇಬಿಟ್ಟಳು. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಲೇಖನ ಪರಿಶೀಲಿಸಿದ ರಿವ್ಯೂವರ್ ಬರೆದ ಒಂದೊಂದು ಸಾಲನ್ನೂ ಜೊತೆಗೆ ಓದಿದೆವು. ಆ ಒಂದು ಗಂಟೆಯಲ್ಲಿ ನಾನು ಕಲಿಸಿದ್ದು ಎಷ್ಟೋ ಕ್ಲಾಸಿಗಿಂತ ಜಾಸ್ತಿ.

ಪೇಪರ್ ಪ್ರಕಟಿಸದಿದ್ದರೆ ಪರೀಕ್ಷೆಗೆ ಕೂರಿಸಬೇಡಿ ಅನ್ನುವ ಸಹೋದ್ಯೋಗಿಗಳಿದ್ದಾರೆ. ದಯವಿಟ್ಟು ಆ ದಾರಿ ಬೇಡ. ಅದರಿಂದ ಬೆಳೆಯುವುದು ದುಡ್ಡು ಕೊಟ್ಟರೆ ಏನನ್ನಾದರೂ ಛಾಪಿಸುವ ಜರ್ನಲ್‌ಗಳು ಮಾತ್ರ. ಈಗ ಪಿಜಿಗಳು ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ, ಹೋಗುತ್ತಾರಲ್ವಾ? ಅಲ್ಲಿಂದ ಪ್ರಶ್ನೆ ಹೊತ್ತು ಬರಲಿ. ವಾಪಸ್ ಬಂದಾಗ ಕೂತು ಕೇಳುವ ಗೈಡ್ ಇರಲಿ.

ಆ ಡೈರಿ ಈಗ ಅವಳ ಜೂನಿಯರ್ ಜೇಬಿನಲ್ಲಿದೆ. ಮೊನ್ನೆ ತೋರಿಸಿದ. ಹೊಸದೊಂದು ಕಾಲಂ ಸೇರಿಸಿದ್ದಾನೆ: ರೋಗಿ ಯಾವ ಗಾಡಿಯಲ್ಲಿ ಬಂದರು.